ಬೀರುವಿನ ಎಡಮೂಲೆ

ಮೊನ್ನೆ ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲೇ ಒಂದು ನಾಮಕರಣಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಹಳ ದಿನದ ಮೇಲೆ ಬೀರುವಿನಿಂದ ತೆಗೆದ ರೇಷ್ಮೆ ಸೀರೆ ಉಟ್ಟಿದ್ದರು. ನುಸಿಗುಳಿಗೆಯ ವಾಸನೆ, ಅದರ ಅಡಿಯಲ್ಲಿ ಒಂದಿಷ್ಟು ಗಂಧದ ಸೋಪಿನ ವಾಸನೆ. ಎಲೆ ಹಾಕುವ ಮೊದಲೇ ನಾನು ಎದ್ದುಬಿಟ್ಟೆ. ಯಾಕ್ರೀ ಏನಾಯ್ತು ಅಂದವರಿಗೆ ತಲೆಸುತ್ತು ಅಂತ ಹೇಳಿದೆ. ದೆವ್ವ ಭೂತ ಅಂದರೆ ಮೂಗು ಮುರಿಯುವವಳು ನಾನು. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೇ ತಲೆ ನರೆತದ್ದು. ಆದರೂ ಆ ವಾಸನೆ ಬಂದರೆ ಸಾಕು, ದಟ್ಟಗಳ್ಳಿಯ ಆ ಒಂದು ಆಷಾಢ ಪೂರ್ತಿಯಾಗಿ ಎದ್ದು ಬಂದು ಎದುರಿಗೆ ನಿಲ್ಲುತ್ತದೆ.

ನನ್ನ ಅಕ್ಕ ಗಿರಿಜ ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ದಟ್ಟಗಳ್ಳಿಯ ಮನೆಯಲ್ಲಿ ಉಳಿದದ್ದು ಭಾವ, ತಾರಸಿಯ ಮೇಲೆ ಹಸಿರು ಬಲೆಯ ನೆರಳಿನಲ್ಲಿ ನೇತಾಡುವ ಅವಳ ಆರ್ಕಿಡ್ ಗಿಡಗಳು, ಮತ್ತು ಅವುಗಳಲ್ಲಿ ಒಂದರ ತೊಟ್ಟಿಗೆ ಹೆಬ್ಬೆರಳಿನಷ್ಟು ದಪ್ಪಗೆ ಕಚ್ಚಿಕೊಂಡಿದ್ದ ಒಂದು ಹಸಿರು ಕಾಯಿ. ಸಂಕ್ರಾಂತಿಯ ಹೊತ್ತಿಗೆ ಅವಳೇ ಹಲ್ಲುಕಡ್ಡಿಯಲ್ಲಿ ಬಿಳಿ ಹೂವಿನ ಪರಾಗ ತೆಗೆದು ನೇರಳೆ ಹೂವಿಗೆ ಮುಟ್ಟಿಸಿದ್ದಳು. "ಯಾವ ಬಣ್ಣ ಬರುತ್ತೋ ನೋಡ್ಲೇಬೇಕು ಕಣೇ. ನೋಡದೆ ಎಲ್ಲೂ ಹೋಗಲ್ಲ ನಾನು," ಅಂದಿದ್ದಳು. ಮಾತಿಗೆ ಎಲ್ಲರೂ ಹಾಗೆ ಅನ್ನುತ್ತಾರೆ.

ಆರ್ಕಿಡ್ ಬೀಜ ಅಂದರೆ ಬೀಜದ ಹಾಗಿರುವುದಿಲ್ಲ, ಪೌಡರು. ಉಫ್ ಅಂದರೆ ಹಾರಿಹೋಗುತ್ತದೆ. ಮಣ್ಣಿಗೆ ಹಾಕಿದರೆ ಹುಟ್ಟುವುದಿಲ್ಲ. ಎಳನೀರು, ಸಕ್ಕರೆ, ಬಾಳೆಹಣ್ಣು ಸೇರಿಸಿ ಜೆಲ್ಲಿಯ ಹಾಗೆ ಗಟ್ಟಿ ಮಾಡಿದ ಪಾಕವನ್ನು ಗಾಜಿನ ಸೀಸೆಗೆ ಹಾಕಿ, ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಅದರ ಮೇಲೆ ಉದುರಿಸಬೇಕು. ತೊಂದರೆ ಏನೆಂದರೆ ಆ ಪಾಕ ಬೀಜಕ್ಕಿಂತ ಬೂಷ್ಟಿಗೆ ಹೆಚ್ಚು ಇಷ್ಟ. ಗಾಳಿಯಲ್ಲಿ ತೇಲುವ ಒಂದು ಕಣ ಒಳಗೆ ಬಿದ್ದರೂ ವಾರದಲ್ಲಿ ಸೀಸೆ ತುಂಬ ಕಪ್ಪು ಅರಳೆ. ಹಿಂದೆ ಅಕ್ಕ ಕುದಿಯುವ ನೀರಿನ ಹಬೆಯ ಮೇಲೆ ಕೈ ಸುಟ್ಟುಕೊಂಡು ಬಿತ್ತಿದ್ದೆಲ್ಲ ಹಾಗೇ ಹಾಳಾಗಿತ್ತು. ಅದಕ್ಕೇ ಅವಳಿಗೆ ಲ್ಯಾಮಿನಾರ್ ಫ್ಲೋ ಹುಡ್ ಬೇಕಿತ್ತು. ಹೊರಗಿನ ಗಾಳಿಯನ್ನು ದಪ್ಪ ಫಿಲ್ಟರಿನಲ್ಲಿ ಸೋಸಿ, ಬಾಚಿದ ಕೂದಲಿನ ಹಾಗೆ ನೆಟ್ಟಗೆ, ಒಂದೇ ಸಮನಾಗಿ ನಮ್ಮ ಕಡೆಗೆ ಬಿಡುವ ಪೆಟ್ಟಿಗೆ ಅದು. ಅದರ ಬಾಯಿಯ ಮುಂದೆ ಕೂತು ಕೆಲಸ ಮಾಡಿದರೆ ಧೂಳು ಹತ್ತಿರ ಸುಳಿಯುವುದಿಲ್ಲ. "ದುಡ್ಡು ಕೊಟ್ಟು ಯಾಕೆ ತರ್ತೀಯ, ನಾನೇ ಮಾಡ್ಕೊಡ್ತೀನಿ," ಅಂತ ಭಾವ ವರ್ಷವಿಡೀ ಅನ್ನುತ್ತಿದ್ದರು. ಮಾಡಿದ್ದು ಅವಳು ಹೋದ ಮೇಲೆ.

ಭಾವನ ಹೆಸರು ಮಹದೇವಸ್ವಾಮಿ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು, ವಯಸ್ಸಾಯಿತೆಂದು ಮುಚ್ಚಿದ್ದರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಟೆಸ್ಟರು. ಮುಂಗಾರು ಹಿಡಿದು ಆಷಾಢ ಇನ್ನೇನು ಬಂತು ಅನ್ನುವಾಗ ಫೋನು ಮಾಡಿದರು. "ಸುಮ, ಪೆಟ್ಟಿಗೆ ಮಾಡ್ಬುಟ್ಟೆ ಕಣಮ್ಮ. ಗಾಳಿ ಮಾತ್ರ ಒಂದೇ ಸಮ ಬರ್ತಿಲ್ಲ. ನೀನು ಸೈನ್ಸ್ ಮೇಡಮ್ಮು, ಬಂದು ನೋಡು. ಕಾಯಿ ಒಡೆಯೋದ್ರೊಳಗೆ ಆಗ್ಬೇಕು."

ಅದು ನನಗೂ ಗೊತ್ತಿತ್ತು. ಕಾಯಿ ಗಿಡದಲ್ಲೇ ಬಿರಿದರೆ ಬೀಜಕ್ಕೆ ಹೊರಗಿನ ಗಾಳಿ ತಾಗಿ ಮುಗಿಯಿತು. ಬಿರಿಯುವ ಮುಂಚೆ ಕೊಯ್ದು, ಮೇಲೆಲ್ಲ ತೊಳೆದು, ಆ ಸೋಸಿದ ಗಾಳಿಯಲ್ಲಿ ಸೀಳಬೇಕು. ಕಾಯಿ ಒಂದೇ, ಸೀಳುವುದೂ ಒಂದೇ ಸಲ. ಅಕ್ಕ ಕೈಯಾರೆ ಮಾಡಿ ಬಿಟ್ಟುಹೋದದ್ದರಲ್ಲಿ ಇನ್ನೂ ಜೀವ ಇದ್ದದ್ದು ಅದೊಂದಕ್ಕೆ. ಸ್ಕೂಲಿನಿಂದ ಆಗಲೇ ನಿವೃತ್ತಿಯಾಗಿದ್ದೆ, ಮರುದಿನವೇ ಹೋದೆ. ಆಮೇಲೆ ಆ ತಿಂಗಳು ಪೂರ್ತಿ ಬೆಳಿಗ್ಗೆ ಸಿದ್ಧಾರ್ಥನಗರದಿಂದ ಬಸ್ಸು ಹತ್ತಿ, ಸಿಟಿ ಸ್ಟ್ಯಾಂಡಿನಲ್ಲಿ ಆಷಾಢದ ಪೂಜೆಗೆ ಬೆಟ್ಟಕ್ಕೆ ಹೊರಟ ಹೆಂಗಸರ ನೂಕುನುಗ್ಗಲಲ್ಲಿ ಬಸ್ಸು ಬದಲಾಯಿಸಿ, ದಟ್ಟಗಳ್ಳಿಗೆ ಹೋಗಿ ಸಂಜೆ ವಾಪಸು ಬರುವುದೇ ಕೆಲಸವಾಯಿತು.

ಪೆಟ್ಟಿಗೆ ನೋಡಿ ನಾನು ಬಾಗಿಲಲ್ಲೇ ನಿಂತೆ. ಅದು ಅಕ್ಕನ ಬೀರು. ಅವಳ ಮದುವೆಗೆ ನಮ್ಮಪ್ಪ ಹಲಸಿನ ಮರದಲ್ಲಿ ಮಾಡಿಸಿಕೊಟ್ಟ, ಎದೆಯೆತ್ತರದ ಗಿಡ್ಡ ಬೀರು. ಭಾವ ಅದರ ಬಾಗಿಲು ಕಳಚಿ, ಬಾಯಿಗೆ ಬಿಳಿ ಫಿಲ್ಟರು ಕೂರಿಸಿ, ಎಡಪಕ್ಕಕ್ಕೆ ತೂತು ಕೊರೆದು ಬ್ಲೋಯರ್ ಸಿಕ್ಕಿಸಿದ್ದರು. ಮುಂದೆ ಕೆಲಸಕ್ಕೆ ಒಂದು ಕಡಪಾ ಕಲ್ಲು. "ಹೊಸ ಪ್ಲೈವುಡ್ಡು ತರಬಾರದಿತ್ತಾ ಭಾವ?" ಅಂದೆ. "ಅವಳ ಕೆಲಸಕ್ಕೆ ಅವಳ ಸಾಮಾನೇ ಆಗ್ಲಿ ಅಂತ," ಅಂದು ಸ್ವಿಚ್ಚು ಹಾಕಿದರು.

ಹೂಂ ಅಂತ ಒಂದು ಸದ್ದು ಎದ್ದಿತು. ಅದರ ಹಿಂದೆಯೇ ಅಕ್ಕ ಬಂದಳು. ಹಾಗಲ್ಲದೆ ಬೇರೆ ಹೇಗೆ ಹೇಳಲಿ? ಅಷ್ಟು ವರ್ಷ ಅವಳ ಸೀರೆ ಹೊತ್ತಿದ್ದ ಹಲಗೆಗಳ ಮೇಲಿಂದ ಗಾಳಿ ಹಾಯ್ದು ಬಂದು ಮುಖಕ್ಕೆ ಬಡಿಯಿತು. ನುಸಿಗುಳಿಗೆ, ಗಂಧದ ಸೋಪು, ಒಗೆದು ಮಡಿಸಿಟ್ಟ ವಾಯಿಲ್ ಸೀರೆ. ಹಬ್ಬದ ದಿನ ಅವಳು ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದರೆ ಬರುತ್ತಿದ್ದ ವಾಸನೆ. ನಾನು ತಿರುಗಿ ನೋಡಿದೆ. ಭಾವ ನನ್ನನ್ನೇ ನೋಡುತ್ತಿದ್ದರು, ಗೊತ್ತಾಯ್ತಲ್ಲ ಅನ್ನುವ ಹಾಗೆ. ಅಷ್ಟರಲ್ಲಿ ಪಕ್ಕದ ಮನೆ ಜಯಮ್ಮ ಮೊಸರಿನ ಬಟ್ಟಲು ಹಿಡಿದು ಒಳಗೆ ಬಂದವರು ನಡುಮನೆಯಲ್ಲೇ ನಿಂತು, "ಇದೇನ್ರೀ, ಗಿರಿಜಮ್ಮ..." ಅಂದು ಬಟ್ಟಲು ನೆಲದ ಮೇಲಿಟ್ಟು ಹೊರಟುಹೋದರು. ಆಮೇಲೆ ಆ ತಿಂಗಳೆಲ್ಲ ಅವರು ಗೇಟು ದಾಟಲಿಲ್ಲ.

ಗಾಳಿ ನೋಡುವುದಕ್ಕೆ ಸುಲಭದ ಉಪಾಯ ಊದುಬತ್ತಿ. ಊದುಬತ್ತಿಗೆ ನಮ್ಮೂರಲ್ಲಿ ಬರವೇ? ದೇವರ ಮನೆಯಿಂದ ಒಂದು ಕಡ್ಡಿ ತಂದು ಹಚ್ಚಿ, ಫಿಲ್ಟರಿನ ಮುಂದೆ ಹಿಡಿದೆ. ನಡುವೆ ಹಿಡಿದರೆ ಹೊಗೆ ನೆಟ್ಟಗೆ ನನ್ನ ಕಡೆ ಬಂತು. ಬಲಗಡೆ ಜೋರಾಗಿ, ಕೆಂಡ ಕೆಂಪಾಗುವಷ್ಟು. ಎಡಗಡೆ ಮೇಲೆ ಪರವಾಗಿಲ್ಲ. ಎಡಗಡೆ ಕೆಳಮೂಲೆಗೆ ತಂದೆ. ಹೊಗೆ ಅಲ್ಲಿ ನಿಂತಿತು. ಒಂದು ಕ್ಷಣ ಸುಮ್ಮನೆ ನಿಂತು, ಬಾಗಿ, ಹಿಂದಕ್ಕೆ ತಿರುಗಿ ಫಿಲ್ಟರಿನ ಒಳಗೆ ಹೋಯಿತು. ನಿಂತಿತು. ಮತ್ತೆ ಹೋಯಿತು. ಮೆಟ್ಟಿಲು ಹತ್ತಿ ಬಂದರೆ ಅಕ್ಕ ಹಾಗೇ ಉಸಿರಾಡುತ್ತಿದ್ದಳು. ಎಳೆದು, ಒಂದು ಗಳಿಗೆ ತಡೆದು, ಮತ್ತೆ ಎಳೆದು. ನನ್ನ ಉಸಿರೂ ಅದೇ ಲಯಕ್ಕೆ ಸೇರಿಕೊಂಡಿತ್ತು. ಕಡ್ಡಿ ಕೆಳಗಿಟ್ಟುಬಿಟ್ಟೆ.

"ಅಲ್ಲೇ," ಅಂದರು ಭಾವ ಮೆತ್ತಗೆ. "ಅಲ್ಲೇ ಇರೋದು."

"ಏನು ಇರೋದು?"

"ನೀನೇ ನೋಡ್ದಲ್ಲ ಕಣಮ್ಮ."

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ. ಗಾಳಿ ಹಿಂದಕ್ಕೆ ಎಳೆದರೆ ಅದಕ್ಕೊಂದು ಕಾರಣ ಇರಲೇಬೇಕು ಅಂತ ಮೇಷ್ಟ್ರ ದನಿಯಲ್ಲಿ ಹೇಳಿ ಕೆಲಸಕ್ಕೆ ಕೂತೆ. ಫಿಲ್ಟರಿನ ಸುತ್ತ ಸಂದಿದ್ದರೆ ಎಳೆಯಬಹುದು ಅಂತ ಅಂಚಿಗೆಲ್ಲ ಸಿಲಿಕಾನ್ ಅಂಟು ಮೆತ್ತಿದೆವು. ಎಳೆತ ನಿಲ್ಲಲಿಲ್ಲ. ಬ್ಲೋಯರಿನ ವೇಗ ತಗ್ಗಿಸಿದೆವು. ಉಸಿರು ನಿಧಾನವಾಯಿತು, ಅಷ್ಟೇ. ಆ ವರ್ಷ ಆಷಾಢದ ಗಾಳಿ ವಿಪರೀತ. ತೆಂಗಿನ ಗರಿ ಬೀದಿಗೆ ಬೀಳುತ್ತಿತ್ತು. ಕಿಟಕಿಯಿಂದ ನುಗ್ಗುತ್ತಿರಬೇಕು ಅಂತ ರಗ್ಗು ಕಟ್ಟಿದೆವು, ಬಾಗಿಲ ಕೆಳಗೆ ಗೋಣಿಚೀಲ ತುರುಕಿದೆವು. ಹೊರಗೆ ಮಧ್ಯಾಹ್ನವಾದರೂ ಒಳಗೆ ಮಬ್ಬು. ಆ ಮಬ್ಬಿನಲ್ಲಿ ಭಾವ ಮತ್ತು ನಾನು ಉಸಿರು ಬಿಗಿಹಿಡಿದು ಕೂತು, ಬೀರು ಉಸಿರಾಡುವುದನ್ನು ನೋಡುತ್ತಿದ್ದೆವು.

ಬೀರುವಿನ ಬೆನ್ನಿನ ಹಲಗೆ ಬಿಚ್ಚಿ ಒಳಗೂ ನೋಡಿದ್ದೆ. ಎಡಗಡೆ ತಳದಲ್ಲಿ ಅಕ್ಕನ ಲಾಕರ್ ಖಾನೆ ಹಾಗೇ ಇತ್ತು, ಒಡವೆ ಇಡುವುದಕ್ಕೆಂದು ಅಪ್ಪ ಮಾಡಿಸಿದ್ದು. ಇದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದಾಗ ಭಾವ ಬೇರೆ ಕಡೆ ನೋಡಿದರು. "ಕೀ ಸಿಗಲಿಲ್ಲ. ಒಡೆಯಕ್ಕೆ ಮನಸು ಬರಲಿಲ್ಲ, ನಿಮ್ಮಪ್ಪ ಮಾಡಿಸಿದ್ದು." ನನಗೂ ಮನಸು ಬರಲಿಲ್ಲ. ಹಲಗೆ ಮುಚ್ಚಿ ಸ್ಕ್ರೂ ಬಿಗಿದೆ.

ಸದ್ದು ನನಗೆ ಮೊದಲು ಕೇಳಿದ್ದು ಅದಾದ ಮೇಲೆ. ಭಾವ ತಾರಸಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನು ಸ್ವಿಚ್ಚು ಹಾಕಿ ಕೂತಿದ್ದೆ. ಬ್ಲೋಯರಿನ ಹೂಂಕಾರದ ಕೆಳಗೆ, ಬಹಳ ಸಣ್ಣಗೆ, ಗಾಜಿನ ಬಳೆಯ ಸದ್ದು. ಬಳೆ ತೊಟ್ಟ ಕೈ ಆಡಿದರೆ ಬರುವ ಗಲಗಲ ಅಲ್ಲ. ಒಂದೊಂದಾಗಿ ಕಳಚಿ ಇಡುವ ಸದ್ದು. ಕಿಣ್. ಸ್ವಲ್ಪ ಹೊತ್ತು ಬಿಟ್ಟು, ಕಿಣ್. ಬೀಜದ ಕೆಲಸಕ್ಕೆ ಕೂರುವ ಮುಂಚೆ ಅಕ್ಕ ಬಳೆ ಕಳಚಿ ಹಿತ್ತಾಳೆ ತಟ್ಟೆಗೆ ಹಾಕುತ್ತಿದ್ದಳು, ಬಳೆಯ ಸಂದಿಯಲ್ಲಿ ಕೊಳೆ ಇರುತ್ತೆ ಅಂತ. ನಾನು ಸ್ವಿಚ್ಚು ಆರಿಸಿದೆ, ಸದ್ದು ನಿಂತಿತು. ಹಾಕಿದೆ, ಬಂತು. ಮೂರನೆಯ ಸಲ ಹಾಕುವ ಧೈರ್ಯ ಬರಲಿಲ್ಲ. ಭಾವನಿಗೆ ಹೇಳಿದರೆ, "ಈಗ ಕೇಳಿಸ್ತಾ ನಿಂಗೆ?" ಅಂದರು, ಆಶ್ಚರ್ಯವೇ ಇಲ್ಲದೆ.

ಬಿತ್ತುವ ಮುಂಚೆ ಗಾಳಿ ಶುದ್ಧವಾಗಿದೆಯೋ ಇಲ್ಲವೋ ಅಂತ ಪರೀಕ್ಷೆಗೆ ಬರೀ ಪಾಕದ ಸೀಸೆಗಳನ್ನು ಕಲ್ಲಿನ ಮೇಲೆ ಸಾಲಾಗಿಟ್ಟು, ಮುಚ್ಚಳ ತೆಗೆದು, ಮುಚ್ಚಿ, ಒಂದೊಂದಕ್ಕೂ ಎಡ, ನಡು, ಬಲ ಅಂತ ಗುರುತು ಹಾಕಿಟ್ಟೆವು. ನಡುವಿನವು, ಬಲಗಡೆಯವು ಕನ್ನಡಿಯ ಹಾಗೆ ಉಳಿದವು. ಎಡಮೂಲೆಯವು ಎಲ್ಲವೂ ಕೆಟ್ಟವು. ಬೂಷ್ಟು ಅಂದರೆ ಅಂತಿಂಥ ಬೂಷ್ಟಲ್ಲ. ಕಪ್ಪಗೆ, ಮೆತ್ತಗೆ, ಕೂದಲಿನ ಹಾಗೆ ಗಾಜಿನ ಗೋಡೆ ಹತ್ತಿತ್ತು. ಮತ್ತೆ ಮಾಡಿದರೂ ಅದೇ ಕಥೆ. ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಸುರಿದುಬಿಡಿ ಅಂತ ಭಾವನಿಗೆ ಹೇಳಿದ್ದೆ.

ಒಂದು ದಿನ ಮಳೆ ಹನಿಯುತ್ತಿತ್ತೆಂದು ಒದ್ದೆ ಸೆರಗು ಒರೆಸಿಕೊಳ್ಳಲು ಟವೆಲ್ಲು ಹುಡುಕಿಕೊಂಡು ಅವರ ಮಲಗುವ ಕೋಣೆಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಆ ಕೆಟ್ಟ ಸೀಸೆಗಳೆಲ್ಲ ಸಾಲಾಗಿ ಕೂತಿದ್ದವು. ಧೂಳು ಒರೆಸಿ, ಗುರುತಿನ ಚೀಟಿ ಎದುರಿಗೆ ಕಾಣುವ ಹಾಗೆ ಇಟ್ಟಿದ್ದರು. ಎಡ, ಎಡ, ಎಡ. ಪ್ರತಿಯೊಂದರ ಮುಂದೆ ಒಂದೊಂದು ನಂದಿಬಟ್ಟಲು ಹೂವು.

"ಭಾವ, ಏನಿದು?"

ಅವರು ಬಾಗಿಲಿಗೆ ಬಂದು ನಿಂತರು. "ಅವಳ ಉಸಿರು ಬಿದ್ದು ಬೆಳೆದಿರೋದಲ್ವಾ. ಎಂಗೆ ಚೆಲ್ಲಲಿ?"

ಆಗ ನನಗೆ ನಿಜವಾದ ಭಯ ಹತ್ತಿತು. ಬೀರುವಿನದಲ್ಲ, ಭಾವನದು. ಅವರಿಗೆ ಗಾಳಿ ಸರಿಹೋಗುವುದು ಬೇಕಿರಲಿಲ್ಲ. ಕಾಯಿಯೂ ಬದುಕಬೇಕು, ಮೂಲೆಯೂ ಉಸಿರಾಡುತ್ತಿರಬೇಕು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅಂದರೆ ಆಗುತ್ತದೆಯೇ? ನಾನು ತಾರಸಿಗೆ ಹೋಗಿ ಕಾಯಿ ನೋಡಿದೆ. ತುದಿಯಲ್ಲಿ ಹಳದಿ ತಿರುಗಿತ್ತು. ಉದ್ದಕ್ಕೆ ಒಂದು ಸಣ್ಣ ಗೆರೆ ಬಿದ್ದಿತ್ತು, ಕಾಯಿ ಎಲ್ಲಿ ಬಿರಿಯುತ್ತದೋ ಅಲ್ಲಿ.

ಕೆಳಗೆ ಬಂದು ಉಳಿ, ಸುತ್ತಿಗೆ ಕೇಳಿದೆ. "ನಾಳೆನೋ ನಾಡಿದ್ದೋ ಒಡೆದುಹೋಗುತ್ತೆ ಭಾವ. ಆ ಖಾನೆಯದೇ ತೊಂದರೆ. ಬ್ಲೋಯರ್ ಗಾಳಿ ಅದರ ತಲೆ ಮೇಲೆ ನುಗ್ಗುವಾಗ ಕೆಳಗಿನ ಮೂಲೆಯ ಗಾಳೀನೂ ಎಳ್ಕೊಂಡು ಹೋಗ್ತಿದೆ. ಬಸ್ಸು ಜೋರಾಗಿ ಹೋದ್ರೆ ಹಿಂದೆ ಕಸ ಕಡ್ಡಿ ಎಳ್ಕೊಂಡು ಹೋಗಲ್ವಾ, ಹಂಗೆ. ಖಾನೆ ತೆಗೀಲೇಬೇಕು."

"ತೆಗೆದ್ರೆ ಎಲ್ಲಾ ಹೋಗ್ಬುಡುತ್ತೆ."

"ತೆಗೀದಿದ್ರೆ ಕಾಯಿ ಹೋಗುತ್ತೆ. ಅವಳು ನೋಡ್ಬೇಕು ಅಂದದ್ದು ಹೂವನ್ನ, ನಿಮ್ಮ ಬೂಷ್ಟನ್ನಲ್ಲ."

ಅಷ್ಟು ಒರಟಾಗಿ ಹೇಳಬಾರದಿತ್ತೇನೋ. ಆದರೆ ನನಗೂ ಅಕ್ಕ ಒಬ್ಬಳೇ. ಭಾವ ದೇವರ ಮನೆಗೆ ಹೋಗಿ ವಿಭೂತಿ ಡಬ್ಬಿ ತಂದರು. ಅದರ ತಳದಲ್ಲಿ ಬೆರಳಾಡಿಸಿ, ಬೂದಿ ಮೆತ್ತಿದ ಸಣ್ಣ ಕೀ ತೆಗೆದರು. ಕೀ ಅವರ ಹತ್ತಿರವೇ ಇತ್ತು.

"ಆಸ್ಪತ್ರೇಲಿ ಕೈಗೆ ಸೂಜಿ ಹಾಕುವಾಗ ಬಳೆ ತೆಗೆದ್ರು," ಅಂದರು. "ನರ್ಸಮ್ಮ ಒಂದು ಪೊಟ್ಟಣ ಮಾಡಿ ನನ್ನ ಕೈಗೆ ಕೊಟ್ಳು. ಮಣ್ಣು ಮಾಡುವಾಗ ಹೊಸ ಹಸಿರು ಬಳೆ ತೊಡಿಸಿದ್ರಲ್ಲ, ಇದು ಮರೆತೇ ಹೋಗಿತ್ತು. ಮನೆಗೆ ಬಂದು ಜೇಬಿಗೆ ಕೈ ಹಾಕಿದ್ರೆ ಇತ್ತು. ಬಿಚ್ಚಿ ನೋಡಕ್ಕೆ ಆಗ್ಲಿಲ್ಲ. ಅಲ್ಲಿಟ್ಟು ಬೀಗ ಹಾಕ್ಬುಟ್ಟೆ. ಸದ್ದು ಅದರದೇ ಸುಮ, ನಂಗೇನು ಗೊತ್ತಿಲ್ವಾ? ಮೋಟಾರು ಅದುರೋದಕ್ಕೆ ಬಳೆ ಅಲ್ಲಾಡುತ್ತೆ. ಗೊತ್ತಿದ್ದೂ ಕೇಳ್ತಾ ಕೂತಿರ್ತಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟೇ ಅಲ್ಲ, ಮನಸ್ಸು ಹಗುರವೂ ಆಯಿತು. ಕೊನೆಗೂ ಒಂದು ಕಾರಣ ಸಿಕ್ಕಿತಲ್ಲ ಅಂತ. ಬೆನ್ನಿನ ಹಲಗೆ ಬಿಚ್ಚಿ, ಕೀ ತಿರುಗಿಸಿ, ಖಾನೆ ತೆರೆದು ಪೊಟ್ಟಣ ಹೊರಗೆ ತೆಗೆದೆ. ನಾಲ್ಕೈದು ಸುತ್ತು ಅರಳೆ, ಅದರ ಮೇಲೆ ಬ್ಯಾಂಡೇಜು ಬಟ್ಟೆ, ಅದರ ಮೇಲೆ ಗಟ್ಟಿಯಾಗಿ ಸುತ್ತಿದ ಪ್ಲಾಸ್ಟರು. ಪ್ಲಾಸ್ಟರಿನ ಅಂಚು ಕೂಡ ಎದ್ದಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಜೋರಾಗಿ ಅಲ್ಲಾಡಿಸಿದೆ. ಒಂದು ಚೂರೂ ಸದ್ದು ಬರಲಿಲ್ಲ.

ಭಾವ ಕೈ ಚಾಚಿ ಪೊಟ್ಟಣ ತೆಗೆದುಕೊಂಡು ತಾವೂ ಅಲ್ಲಾಡಿಸಿ ನೋಡಿದರು. ಇಬ್ಬರೂ ಆ ಖಾಲಿ ಖಾನೆಯ ಕಡೆ ನೋಡಿದೆವು. "ಚಿಲಕ ಅದುರಿರಬೇಕು," ಅಂದೆ ನಾನು. ಭಾವ ಹೂಂ ಅಂದರು. ಚಿಲಕವನ್ನು ಬೆರಳಿನಿಂದ ಮೀಟಿ ನೋಡಬಹುದಿತ್ತು. ನಾನು ಮೀಟಲಿಲ್ಲ, ಅವರೂ ಮೀಟಲಿಲ್ಲ.

ಖಾನೆಯನ್ನು ಭಾವನೇ ಗರಗಸದಲ್ಲಿ ಕೊಯ್ದು ತೆಗೆದರು, ಅಪ್ಪನ ಕಾಲದ ಹಲಗೆಗೆ ಪೆಟ್ಟಾಗದ ಹಾಗೆ. ಗಾಳಿ ಒಂದೇ ಕಡೆ ನುಗ್ಗದಿರಲಿ ಅಂತ ಬ್ಲೋಯರಿಗೂ ಫಿಲ್ಟರಿಗೂ ನಡುವೆ ತೂತಿನ ತಗಡು ನಿಲ್ಲಿಸಿದೆವು. ಹಲಗೆ ಮುಚ್ಚಿ ಸ್ವಿಚ್ಚು ಹಾಕಿದಾಗ ಹೂಂ ಅನ್ನುವ ಸದ್ದು ಮಾತ್ರ ಬಂತು. ಊದುಬತ್ತಿಯನ್ನು ನಾನು ಭಾವನ ಕೈಗೇ ಕೊಟ್ಟೆ. ಬಲಗಡೆಯಿಂದ ಶುರು ಮಾಡಿ ನಿಧಾನವಾಗಿ ಎಡಕ್ಕೆ ಬಂದರು. ಕೆಳಮೂಲೆಯಲ್ಲಿ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಹೊಗೆ ನೂಲು ಎಳೆದ ಹಾಗೆ ನೆಟ್ಟಗೆ ಮುಂದಕ್ಕೆ ಬಂತು. "ಸರಿಹೋಯ್ತು," ಅಂದು ಕಡ್ಡಿ ನೆಲಕ್ಕೆ ಉಜ್ಜಿ ಆರಿಸಿದರು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಣ್ಣು ಮಾಡಿದ ದಿನವೂ ಅಳದಿದ್ದ ಮನುಷ್ಯ, ಮಕ್ಕಳ ಹಾಗೆ ಅತ್ತರು.

ಹೊಸದಾಗಿ ಪರೀಕ್ಷೆ ಮಾಡುವಷ್ಟು ವ್ಯವಧಾನ ಇರಲಿಲ್ಲ. ಮರುದಿನ ಬೆಳಿಗ್ಗೆ ಕಾಯಿ ಕೊಯ್ದೆವು. ನಾನು ಬಳೆ, ಉಂಗುರ ಕಳಚಿ ತಟ್ಟೆಗೆ ಹಾಕಿ, ಮೊಣಕೈವರೆಗೆ ತೊಳೆದು ಕೂತೆ. ಗೆರೆಯ ಮೇಲೆ ಬ್ಲೇಡು ಇಟ್ಟ ತಕ್ಷಣ ಕಾಯಿ ತಾನಾಗಿ ತೆರೆದುಕೊಂಡಿತು, ಕಾಯುತ್ತಿದ್ದ ಹಾಗೆ. ತಿಳಿಹಳದಿ ಪುಡಿಯನ್ನು ಒಂದೊಂದೇ ಸೀಸೆಗೆ ಉದುರಿಸಿದೆ. ಎಡಗಡೆಯ ಸೀಸೆಗಳಿಗೂ. ಭಾವ ಮುಚ್ಚಳ ಮುಚ್ಚುತ್ತಾ ಹೋದರು. ಮಧ್ಯಾಹ್ನ ಹಿತ್ತಿಲಲ್ಲಿ ಗುಂಡಿ ತೋಡಿ ಕಿಟಕಿಯ ಮೇಲಿದ್ದ ಕಪ್ಪು ಸೀಸೆಗಳನ್ನು ಅವರೇ ಹೂತರು. ಪೊಟ್ಟಣವನ್ನೂ, ಬಿಚ್ಚದೆಯೇ, ಅಲ್ಲೇ ಇಟ್ಟು ಮಣ್ಣು ಎಳೆದರು.

ಗೌರಿಹಬ್ಬದ ಹೊತ್ತಿಗೆ ಪಾಕದ ಮೇಲೆ ಗಸಗಸೆಗಿಂತ ಸಣ್ಣ ಹಸಿರು ಚುಕ್ಕಿ ಕಂಡಿತು. ಒಂದು ಸೀಸೆಯೂ ಕೆಡಲಿಲ್ಲ. ಆಮೇಲಿನದೆಲ್ಲ ಬರೀ ಕಾಯುವ ಕೆಲಸ. ಆರ್ಕಿಡ್ ಗಿಡ ಹೂವಿಗೆ ಬರುವುದಕ್ಕೆ ವರ್ಷಗಳೇ ಬೇಕು.

ಮೊನ್ನೆ ಆ ನಾಮಕರಣದ ಮನೆಯಿಂದ ಎದ್ದವಳು ಬೀದಿಗೆ ಬಂದು ನೋಡಿದರೆ ಫೋನಿನಲ್ಲಿ ಭಾವನ ಕರೆ ಬಂದು ನಿಂತಿತ್ತು. ವಾಪಸು ಮಾಡಿದೆ. "ಬಿಟ್ಟೈತೆ ಕಣಮ್ಮ, ಮೊದಲ್ನೇದು. ಬಾ," ಅಂದರು. ನೆಟ್ಟಗೆ ಬಸ್ಸು ಹತ್ತಿದೆ.

ತಾರಸಿಯಲ್ಲಿ, ಅಕ್ಕನ ಹಳೆಯ ಕೊಕ್ಕೆಗೇ ನೇತುಹಾಕಿದ ಕುಂಡದಲ್ಲಿ ಒಂದೇ ಒಂದು ಹೂವು. ನೀರು ಬೆರೆಸಿದ ನೇರಳೆ, ಅಂಚಿಗೆ ಮಾತ್ರ ಬಿಳಿ. ನೋಡಿ ನೋಡಿ ಕಣ್ಣು ನೋಯಿತು. ಕಾಫಿ ತರ್ತೀನಿ ಅಂತ ಭಾವ ಅಡುಗೆಮನೆಗೆ ಹೋದರು. ನಾನು ಮೆಲ್ಲಗೆ ಆ ಕೋಣೆಗೆ ಹೋಗಿ ಬೀರುವಿನ ಮೇಲೆ ಹೊದಿಸಿದ್ದ ಬೆಡ್‌ಶೀಟು ಸರಿಸಿ, ಸ್ವಿಚ್ಚು ಹಾಕಿದೆ. ವಾಸನೆ ಬಹಳ ಸಣ್ಣಗಾಗಿತ್ತು. ಮೂಗು ಹತ್ತಿರ ಒಯ್ದರೆ ಮಾತ್ರ. ಅಲ್ಲೇ ಕಲ್ಲಿನ ಮೇಲೆ ಊದುಬತ್ತಿಯ ಪ್ಯಾಕೆಟ್ಟು, ಬೆಂಕಿಪೊಟ್ಟಣ ಇದ್ದವು. ಒಂದು ಹಚ್ಚಿ ಎಡಗಡೆ ಕೆಳಮೂಲೆಗೆ ಹಿಡಿದೆ. ಬಣ್ಣ ನೋಡಿದ್ಯಾ ಅಕ್ಕ, ಅಂದೆ. ಹೊಗೆ ನೆಟ್ಟಗೆ ನನ್ನ ಮುಖಕ್ಕೆ ಬಂತು. ಬೆರಳಿಗೆ ಬಿಸಿ ತಾಗುವ ತನಕ ಹಿಡಿದೇ ಇದ್ದೆ. ಹೊಗೆ ಬಾಗಲಿಲ್ಲ.

ಭಾವ ಲೋಟ ಹಿಡಿದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಅವರ ಕಣ್ಣು ಕಲ್ಲಿನ ಎಡಮೂಲೆಯ ಮೇಲಿತ್ತು. ಅಲ್ಲಿ ಉದುರಿದ ಬೂದಿ ನನ್ನ ಒಂದು ಕಡ್ಡಿಯದಾಗಿರಲು ಸಾಧ್ಯವಿರಲಿಲ್ಲ, ಸಣ್ಣ ಗುಡ್ಡೆಯಾಗುವಷ್ಟಿತ್ತು.

"ನಾನೂ ದಿನಾ ನೋಡ್ತೀನಿ ಕಣಮ್ಮ," ಅಂದರು. "ಬರಲ್ಲ."